ಮಳೆ ಲೆಕ್ಕದ ಪುಸ್ತಕದಲ್ಲಿ ಒಂದು ಸಾಲು

ಮಕ್ಕಳ ಓದು, ಬರವಣಿಗೆ ಬಗ್ಗೆ ಕೊಡಗಿನ ಓದುಗರು ಕೇಳಿದ ಪ್ರಶ್ನೆಗಳಿಗೆ ನಿವೃತ್ತ ಕನ್ನಡ ಮೇಷ್ಟ್ರ ಉತ್ತರ

ಪ್ರಶ್ನೆ: ಮಗ ಒಂಬತ್ತನೇ ಕ್ಲಾಸು, ಇಂಗ್ಲಿಷ್ ಮೀಡಿಯಂ. ಹಾಕಿ ಬಿಟ್ಟರೆ ಮೊಬೈಲು, ಮೊಬೈಲು ಬಿಟ್ಟರೆ ಹಾಕಿ. ಹುಟ್ಟಿದ ಹಬ್ಬಕ್ಕೆ ನಾಲ್ಕು ಕನ್ನಡ ಕಾದಂಬರಿ ತಂದುಕೊಟ್ಟೆ. ಒಂದನ್ನೂ ತೆರೆದಿಲ್ಲ. ಅವನ ವಯಸ್ಸಲ್ಲಿ ನಾನು ಕಾಫಿ ಕಣದಲ್ಲಿ ಕಾವಲು ಕೂತೇ ಕಾದಂಬರಿ ಮುಗಿಸುತ್ತಿದ್ದೆ. ಏನು ಮಾಡಲಿ?
– ತಾಯಿಯೊಬ್ಬರು, ನಾಪೋಕ್ಲು

ಉತ್ತರ: ಅಮ್ಮಾ, ಅವನಿಗೆ ಓದು ಬೇಡ ಅಂತ ಈಗಲೇ ತೀರ್ಮಾನಿಸಬೇಡಿ. ಕನ್ನಡ ಓದುವ ವೇಗ ಸಾಲದೇ ಇರಬಹುದು. ಮನೆಯಲ್ಲಿ ಕೊಡವ ತಕ್ಕ್, ಶಾಲೆಯಲ್ಲಿ ಇಂಗ್ಲಿಷು, ಕನ್ನಡ ದಿನಕ್ಕೊಂದು ಪೀರಿಯಡ್ಡು. ಒತ್ತಕ್ಷರ ಬಂದಲ್ಲೆಲ್ಲ ನಿಂತು ನಿಂತು ಕಾದಂಬರಿ ಓದುವುದೆಂದರೆ ಭಾಗಮಂಡಲದಿಂದ ಮಡಿಕೇರಿಗೆ ಫಸ್ಟ್ ಗೇರಲ್ಲೇ ಬೈಕ್ ಓಡಿಸಿದ ಹಾಗೆ. ಯಾರಿಗೆ ಖುಷಿ ಆಗುತ್ತದೆ ಹೇಳಿ?

ಸದ್ಯಕ್ಕೆ ಆ ನಾಲ್ಕು ಕಾದಂಬರಿ ಕಪಾಟಲ್ಲೇ ಇರಲಿ. ಅವನ ವಯಸ್ಸಿಗಿಂತ ಸುಲಭದ ಪುಸ್ತಕ ಕೊಡಿ. ಪ್ರಥಮ್ ಬುಕ್ಸ್‌ನವರ ಸ್ಟೋರಿವೀವರ್ ಜಾಲತಾಣದಲ್ಲಿ ಕನ್ನಡ ಕತೆಗಳು ಓದಿನ ಹಂತಕ್ಕೆ ತಕ್ಕಂತೆ ಸಿಗುತ್ತವೆ, ಪುಕ್ಕಟೆ. ಅದೂ ಮೊಬೈಲಲ್ಲೇ! 'ಇದು ಪುಟ್ಟ ಮಕ್ಕಳದ್ದು' ಅಂತ ಮೂಗು ಮುರಿಯುತ್ತಾನೆ, ಗ್ಯಾರಂಟಿ. ಆಗ ಚಿಕ್ಕಪ್ಪನ ಮಗುವಿಗೋ ಪಕ್ಕದ ಮನೆ ಮಗುವಿಗೋ ಓದಿ ಹೇಳುವ ಕೆಲಸ ಒಪ್ಪಿಸಿ. ಮರ್ಯಾದೆಯೂ ಉಳಿಯುತ್ತದೆ, ನಾಲಿಗೆಯೂ ಹೊರಳುತ್ತದೆ.

ಇನ್ನು ಹಾಕಿ. ಪಾಂಡಂಡ ಕುಟ್ಟಪ್ಪನವರು 1997ರಲ್ಲಿ ಕರಡದಲ್ಲಿ ಶುರು ಮಾಡಿದ, ಕೊಡವ ಮನೆತನಗಳ ನಡುವಿನ ಕೌಟುಂಬಿಕ ಹಾಕಿ ಈಗ ಊರಿಗೆ ಊರೇ ಕಾಯುವ ಹಬ್ಬ. ಆ ದಿನಗಳಲ್ಲಿ ಇಲ್ಲಿನ ಪೇಪರ್‌ಗಳ ತುಂಬ ಪಂದ್ಯದ ವರದಿ. ಹುಡುಗ ಅದನ್ನು ಓದುತ್ತಾನಾ? ಹಾಗಾದರೆ ಅವನು ಓದುಗನೇ. 'ಪುಸ್ತಕ ಹಿಡಿ ಅಂದ್ರೆ ಪೇಪರ್ ಹಿಡಿದು ಕೂತ' ಅಂತ ಬೈಯಬೇಡಿ. ಅವನು ನೋಡಿದ ಪಂದ್ಯ, ಮರುದಿನ ಪೇಪರಲ್ಲಿ ಬಂದ ವರದಿ, ಇವೆರಡೂ ಒಂದೇ ಥರ ಇರುವುದಿಲ್ಲ. 'ಅವರು ಏನು ಬಿಟ್ಟಿದ್ದಾರೆ?' ಅಂತ ಕೇಳಿ ನೋಡಿ. ಬಾಯಿ ಬಿಡುತ್ತಾನೆ.

ಬರೆಸುವುದಕ್ಕೆ ಹೊಸ ನೋಟ್‌ಬುಕ್ ಏನೂ ಬೇಡ. ನಿಮ್ಮ ಮನೆಯಲ್ಲಿ ಮಳೆ ಲೆಕ್ಕದ ಪುಸ್ತಕ ಇದೆಯಲ್ವಾ? ನನಗೆ ಗೊತ್ತಿರುವ ಒಂದು ಮನೆಯಲ್ಲಿ ಅದು ಜಗಲಿಯ ಮೊಳೆಗೆ ನೇತಾಡುತ್ತದೆ, ದಾರ ಕಟ್ಟಿದ ಮೋಟು ಪೆನ್ಸಿಲ್ ಸಮೇತ. ಬೆಳಿಗ್ಗೆ ಎದ್ದು ರೇನ್ ಗೇಜ್ ನೋಡುವುದು, ಇಂಚು ಸೆಂಟು (ಇಂಚಿನ ನೂರನೇ ಒಂದು ಭಾಗ) ಬರೆಯುವುದು, ಅದು ಅಜ್ಜನ ಕೆಲಸ. ಒಂದು ಜುಲೈಯಲ್ಲಿ ಅಜ್ಜನಿಗೆ ಮಂಡಿನೋವು, ಕೆಲಸ ಮೊಮ್ಮಗನ ತಲೆಗೆ ಬಂತು. ಅಜ್ಜ ಬರೆದದ್ದು ಹೀಗಿತ್ತು: '19. 4.35. ಕರೆಂಟ್ ಇಲ್ಲ.' ಮರುದಿನ ಹುಡುಗ ಬರೆದ: '20. 3.10. ಸಿಲ್ವರ್ ಮರ ಬಿತ್ತು, ಮೆಣಸಿನ ಬಳ್ಳಿ ಸಮೇತ. ಅಜ್ಜ ಊಟಕ್ಕೆ ಕೂತು ಹಾಗೇ ಎದ್ದು ಹೋದರು.'

ಆ ಕೊನೆಯ ಸಾಲು ನೋಡಿ. 'ಅಜ್ಜನಿಗೆ ದುಃಖವಾಯಿತು' ಅಂತ ಅವನು ಬರೆಯಲಿಲ್ಲ. ಯಾರೂ ಹೇಳಿಕೊಡಲೂ ಇಲ್ಲ. ಮನೆಯವರು ಮಾಡಿದ ಒಳ್ಳೆ ಕೆಲಸ ಒಂದೇ: ಓದಿದರು, ಸುಮ್ನಿದ್ದರು. ಅಕ್ಟೋಬರ್ ಹೊತ್ತಿಗೆ ಇಂಚು ಸೆಂಟಿನ ಪಕ್ಕದ ಜಾಗ ಸಾಲದೆ ಪುಟದ ಹಿಂಬದಿಗೂ ಬರೆಯುತ್ತಿದ್ದ.

ಸುಮ್ನಿರುವುದು ಕಷ್ಟ, ನನಗೆ ಗೊತ್ತು. ಮೇಷ್ಟ್ರಾಗಿದ್ದಾಗ ಒಂದು ಶಾಲೆಯಲ್ಲಿ ನಿಯಮ ಮಾಡಿದ್ದೆ: ಪುಸ್ತಕ ಹಿಂದಿರುಗಿಸುವಾಗ ಸಾರಾಂಶ, ನೀತಿ ಎರಡನ್ನೂ ಬರೆದು ಕೊಡಬೇಕು. ತಿಂಗಳೊಳಗೆ ಮಕ್ಕಳೆಲ್ಲ ಕಪಾಟಿನ ತೀರಾ ತೆಳ್ಳಗಿನ ಪುಸ್ತಕಕ್ಕೇ ಕೈ ಹಾಕತೊಡಗಿದರು. ತಪ್ಪು ನನ್ನದು. ಓದಿದ್ದಕ್ಕೆಲ್ಲ ಲೆಕ್ಕ ಕೇಳಿದೆ. ಹಾಗಾಗಿ ನಿಮ್ಮ ಮಗ ಒಂದು ಪುಸ್ತಕವನ್ನು ಹತ್ತು ಪುಟಕ್ಕೇ ಬಿಟ್ಟರೆ ಬಿಡಲಿ. ಏನು ಕಲಿತೆ ಅಂತ ಮಾತ್ರ ಕೇಳಬೇಡಿ.

ಇನ್ನೊಂದು. ಆಷಾಢದಲ್ಲಿ ಡಿಸಿ ಮಳೆ ರಜೆ ಕೊಟ್ಟ ದಿನ ಕರೆಂಟೂ ಇರುವುದಿಲ್ಲ, ಟವರೂ ಇರುವುದಿಲ್ಲ, ಮೊಬೈಲ್ ಸತ್ತಿರುತ್ತದೆ. ಅವತ್ತು ನೀವೇ ಗಟ್ಟಿಯಾಗಿ ಓದಿ, ನಿಮಗೆ ಇಷ್ಟವಾದದ್ದನ್ನು. ಕತೆಯಲ್ಲಿ ಕಳ್ಳ ಬಾಗಿಲು ತೆಗೆಯುವಂಥ ಜಾಗಕ್ಕೆ ಬಂದಾಗ 'ಒಲೆ ಮೇಲೆ ಅನ್ನ ಇದೆ' ಅಂತ ಎದ್ದು ಹೋಗಿ. ಪುಸ್ತಕ ಅಲ್ಲೇ ಇರಲಿ.

ಪ್ರಶ್ನೆ: ನಾನು ಹಳ್ಳಿಯ ಸರ್ಕಾರಿ ಪ್ರೌಢಶಾಲೆಯಲ್ಲಿ ಶಿಕ್ಷಕಿ. ಗೋಡೆ ಪತ್ರಿಕೆ ಶುರು ಮಾಡಿದೆ. ಬರುವುದೆಲ್ಲ 'ಪ್ರಕೃತಿಯ ಮಡಿಲು', 'ದಕ್ಷಿಣದ ಕಾಶ್ಮೀರ' ಥರದ್ದೇ. ಲೈನ್ ಮನೆ (ತೋಟದ ಕಾರ್ಮಿಕರ ಸಾಲುಮನೆ) ಮಕ್ಕಳಂತೂ 'ನಮಗೆ ಕನ್ನಡ ಬರಲ್ಲ ಮಿಸ್' ಅಂತ ಕೊಡುವುದೇ ಇಲ್ಲ.
– ವಿರಾಜಪೇಟೆ ತಾಲ್ಲೂಕು

ಉತ್ತರ: ಮೇಡಂ, ವಿಷಯ ದೊಡ್ಡದಾದಷ್ಟೂ ಮಕ್ಕಳು ಗೈಡಿನಿಂದ ಕದಿಯುತ್ತಾರೆ. 'ಮಳೆಗಾಲ' ಅಂದರೆ ಪ್ರಬಂಧವೇ ಬರುವುದು. 'ನಿಮ್ಮ ಮನೆಯಲ್ಲಿ ಎಲ್ಲೆಲ್ಲಿ ಸೋರುತ್ತದೆ, ಕೆಳಗೆ ಯಾವ ಪಾತ್ರೆ ಇಡುತ್ತೀರಿ?' ಅಂತ ಕೇಳಿ. ಅದು ಯಾವ ಗೈಡಲ್ಲೂ ಇಲ್ಲ. ಒಬ್ಬ ಹುಡುಗಿ ನನಗೆ ಬರೆದುಕೊಟ್ಟಿದ್ದಳು: ದೊಡ್ಡ ತೂತಿಗೆ ಬಕೆಟ್, ಸಣ್ಣದಕ್ಕೆ ಅಮ್ಮನ ಟಿಫಿನ್ ಡಬ್ಬಿ, ಅಮ್ಮ ತೋಟಕ್ಕೆ ಹೊರಟಾಗ ಅಲ್ಲಿಗೆ ಏನಿಡಬೇಕು ಅಂತ ದಿನಾ ಜಗಳ. ಹಾಗೇ 'ಆನೆ ಬಂದ ರಾತ್ರಿ' ಬೇಡ, ಎಲ್ಲರ ಆನೆಯೂ ಒಂದೇ ಥರ ಘೀಳಿಡುತ್ತದೆ. 'ಆನೆ ಬಂದಾಗ ನಿಮ್ಮ ನಾಯಿ ಏನು ಮಾಡಿತು?' ಅಂತ ಕೇಳಿ.

ಲೈನ್ ಮನೆ ಮಕ್ಕಳು ಮೊದಲು ಬಾಯಲ್ಲಿ ಹೇಳಲಿ. ಯರವ, ತಮಿಳು, ಮಲಯಾಳ, ಯಾವ ಮಾತಾದರೂ ಸರಿ. ಆ ಭಾಷೆ ಗೊತ್ತಿರುವ ಇನ್ನೊಂದು ಮಗು ಬರೆದುಕೊಳ್ಳಲಿ. ಗೋಡೆಯ ಮೇಲೆ ಇಬ್ಬರ ಹೆಸರೂ ಬರಲಿ. ಕಾಗುಣಿತದ ತಪ್ಪು ಅಂಟಿಸುವ ಮೊದಲು ನೀವೇ ಮೆಲ್ಲಗೆ ಸರಿಮಾಡಿ, ಕೆಂಪು ಪೆನ್ ಮಾತ್ರ ಬೇಡ. ಬಹುಮಾನವೂ ಬೇಡ ಅನ್ನುವುದು ನನ್ನ ಅಭಿಪ್ರಾಯ. ಒಬ್ಬಳಿಗೆ ಕಪ್ ಕೊಟ್ಟರೆ ಮುಂದಿನ ಸಲ ಉಳಿದವರೆಲ್ಲ ಅವಳ ಹಾಗೇ ಬರೆಯುತ್ತಾರೆ. ಪುಸ್ತಕ ಸಾಲದಿದ್ದರೆ ಪಂಚಾಯ್ತಿಯ ಗ್ರಂಥಾಲಯ, ಅಂದರೆ ಅರಿವು ಕೇಂದ್ರಕ್ಕೆ ಮಕ್ಕಳನ್ನು ಕರೆದುಕೊಂಡು ಹೋಗಿ. ಪುಸ್ತಕವನ್ನು ಅವರೇ ಆರಿಸಲಿ.

ಪ್ರಶ್ನೆ: ನಾನು ಪಿಯುಸಿ ಓದುತ್ತಿದ್ದೇನೆ. ಕತೆ ಬರೆಯುತ್ತೇನೆ. ನನ್ನ ಕತೆಯಲ್ಲಿ ಅಜ್ಜಿ ಅರೆಭಾಷೆಯಲ್ಲಿ (ಕೊಡಗು, ಸುಳ್ಯ ಕಡೆಯ ಗೌಡರ ಆಡುಮಾತು) ಮಾತಾಡುತ್ತಾರೆ. ಅದನ್ನೆಲ್ಲ ಹೊಡೆದುಹಾಕಿ 'ಶುದ್ಧ ಕನ್ನಡದಲ್ಲಿ ಬರಿ' ಅಂದರು ಒಬ್ಬರು. ಜೊತೆಗೆ ಊರಿನವರು ಓದಿದರೆ ಯಾರ ಕತೆ ಅಂತ ಗೊತ್ತಾಗಿಬಿಡುತ್ತದೆ ಅಂತ ಭಯ.
– ಸುಂಟಿಕೊಪ್ಪ

ಉತ್ತರ: ಮಗಳೇ, ಅಜ್ಜಿ ಅಜ್ಜಿಯ ಹಾಗೇ ಮಾತಾಡಲಿ. ಮೊಮ್ಮಗಳಿಗೆ ಬೈಯುವ ಅಜ್ಜಿಯ ಬಾಯಿಗೆ ಪಠ್ಯಪುಸ್ತಕದ ಕನ್ನಡ ಕೊಟ್ಟರೆ ಬ್ಯಾಂಕ್ ನೋಟೀಸು ಓದಿದ ಹಾಗಿರುತ್ತದೆ. ನಡಿಕೇರಿಯಂಡ ಚಿಣ್ಣಪ್ಪನವರು ಕೊಡವ ಹಾಡು, ಗಾದೆಗಳನ್ನು ಕೂಡಿಸಿ ಕನ್ನಡ ಲಿಪಿಯಲ್ಲೇ 'ಪಟ್ಟೋಲೆ ಪಳಮೆ' ಅಚ್ಚು ಹಾಕಿಸಿದ್ದು 1924ರಲ್ಲಿ. ಅರೆಭಾಷೆಗೂ ಈಗ ಸರ್ಕಾರದ್ದೇ ಅಕಾಡೆಮಿ ಇದೆ. ಹೊರಗಿನ ಓದುಗರಿಗೆ ಒಂದೆರಡು ಮಾತು ತಿಳಿಯದಿದ್ದರೆ ಪಕ್ಕದ ಸಾಲಿನಿಂದ ಊಹಿಸಿಕೊಳ್ಳುತ್ತಾರೆ, ಬಿಡಿ.

ಭಯದ ಮಾತಿಗೆ ಬರೋಣ. ಕೊಡಗಿನ ಗೌರಮ್ಮ ನಿಮ್ಮ ಪಕ್ಕದ ಗುಂಡುಗುಟ್ಟಿ ತೋಟದಲ್ಲಿದ್ದುಕೊಂಡೇ ಕತೆ ಬರೆದವರು. 1912ರಲ್ಲಿ ಹುಟ್ಟಿ 1939ರಲ್ಲಿ ನೀರುಪಾಲಾದರು, ಬರೀ 27 ವರ್ಷ. ವಿಧವೆಯರ ಪಾಡು, ಜಾತಿ ಮೀರಿದ ಪ್ರೀತಿ, ಆ ಕಾಲದಲ್ಲಿ ಮನೆಯಲ್ಲಿ ಪಿಸುಗುಡುತ್ತಿದ್ದುದನ್ನೇ ಬರೆದರು. ಪತ್ರಿಕೆಗೆ ಕಳಿಸುವಾಗ 'ಮಿಸೆಸ್ ಬಿ.ಟಿ.ಜಿ. ಕೃಷ್ಣ' ಅಂತ ಹೆಸರು ಹಾಕುತ್ತಿದ್ದರು. ನೀವೂ ಬೇಕಾದರೆ ಒಂದು ಹೆಸರು ಇಟ್ಟುಕೊಳ್ಳಿ. ಇಬ್ಬರು ಅತ್ತೆಯರನ್ನು ಸೇರಿಸಿ ಒಬ್ಬ ಅತ್ತೆ ಮಾಡಿ, ಮನೆಯನ್ನು ಹೊಳೆಯ ಆಚೆ ದಡಕ್ಕೆ ಸಾಗಿಸಿ. ಆಮೇಲೂ ಯಾರಾದರೂ 'ಇದು ನಾನೇ' ಅಂದರೆ ಅದು ಅವರ ಪಾಡು.

ಕತೆ ಎಲ್ಲಿಗಾದರೂ ಕಳಿಸುವ ಮುಂಚೆ ಅಜ್ಜಿಗೆ ಓದಿ ಹೇಳಿ. 'ನಾನು ಹೀಗೆ ಹೇಳೋದೇ ಇಲ್ಲ' ಅಂತ ಅವರು ಎಲ್ಲಿ ತಡೆಯುತ್ತಾರೋ ಅಲ್ಲಿ ಮಾತ್ರ ತಿದ್ದಿ.