ಬಾಯಿಪಾಠ ಇದ್ದರೂ ಪಟ್ಟಿ ಯಾಕೆ?

ಪ್ರಶ್ನೆ: ಸಾವಿರಾರು ಗಂಟೆ ವಿಮಾನ ಹಾರಿಸಿದ ಪೈಲಟ್‌ಗಳೂ ಟೇಕಾಫ್‌ಗೆ ಮೊದಲು ಚೆಕ್‌ಲಿಸ್ಟ್ ಓದುತ್ತಾರಂತೆ. ಎಲ್ಲಾ ಬಾಯಿಪಾಠ ಆಗಿರಲ್ವಾ?

ಉತ್ತರ: ಆಗಿರುತ್ತದೆ, ಅಪಾಯ ಇರುವುದೇ ಅಲ್ಲಿ. ಬಾಯಿ ತಾನಾಗಿ ಉತ್ತರ ಕೊಡುತ್ತದೆ, ಕಣ್ಣು ನೋಡಿರುವುದಿಲ್ಲ. 1988ರ ಆಗಸ್ಟ್ 31ರಂದು ಅಮೆರಿಕದ ಡಲ್ಲಾಸ್‌ನಲ್ಲಿ ಡೆಲ್ಟಾ ಕಂಪನಿಯ 1141 ನಂಬರಿನ ವಿಮಾನ ಟೇಕಾಫ್ ಆಗುವಾಗಲೇ ಬಿತ್ತು, 14 ಜನ ಸತ್ತರು. ರನ್‌ವೇ ಕಡೆ ಹೋಗುವಾಗ ಕಾಕ್‌ಪಿಟ್‌ನಲ್ಲಿ ಗಗನಸಖಿಯ ಜೊತೆ ಬೇರೆ ಮಾತು ನಡೆದಿತ್ತು. ಆಮೇಲೆ ಪಟ್ಟಿ ಓದಿದ್ದೂ ಹೌದು, 'ಫ್ಲಾಪ್ಸ್' (ರೆಕ್ಕೆಯ ಹಿಂಬದಿಯಲ್ಲಿ ಕೆಳಗೆ ಇಳಿಸುವ ಹಲಗೆಗಳು) ಅಂದಾಗ ಸಹ ಪೈಲಟ್ ಹದಿನೈದು ಡಿಗ್ರಿ, ಹಸಿರು ದೀಪ ಬಂದಿದೆ ಅಂತ ಉತ್ತರಿಸಿದ್ದೂ ಹೌದು, ಆದರೆ ರೆಕ್ಕೆಯ ಫ್ಲಾಪ್ಸ್ ಇಳಿದೇ ಇರಲಿಲ್ಲ! ತಪ್ಪಿದ್ದರೆ ಕೂಗಬೇಕಿದ್ದ ಎಚ್ಚರಿಕೆ ಹಾರ್ನ್ ಕೂಡ ಕೂಗಲಿಲ್ಲ. ಫ್ಲಾಪ್ಸ್ ಇಳಿದಿದ್ದರೆ ಕಡಿಮೆ ವೇಗದಲ್ಲೇ ಜಾಸ್ತಿ ಎತ್ತುವ ಬಲ ಸಿಗುತ್ತದೆ, ಅದಿಲ್ಲದೆ ವಿಮಾನ ಏರಲಾಗದೆ ಬಿತ್ತು.

ಸುಮ್ನೆ ಹರಟಬಾರದು ಅನ್ನುವ ನಿಯಮ ಅಲ್ಲಿ 1981ರಲ್ಲೇ ಬಂದಿತ್ತು: ವಿಮಾನ ನೆಲದ ಮೇಲೆ ಓಡುವಾಗ, ಏರುವಾಗ, ಇಳಿಯುವಾಗ, 10,000 ಅಡಿಗಿಂತ ಕೆಳಗೆ ಕೆಲಸದ ಮಾತು ಮಾತ್ರ. ಬಾಯಿ ತಾನಾಗಿ ಉತ್ತರಿಸಬಾರದು ಅಂತಲೇ ಪಟ್ಟಿಯನ್ನು ಒಬ್ಬರು ಕೇಳಬೇಕು, ಇನ್ನೊಬ್ಬರು ಲಿವರ್, ಮೀಟರ್ ಎರಡನ್ನೂ ನೋಡಿ ಹೇಳಬೇಕು. ನನ್ನ ಪ್ರಕಾರ, ನಡುವೆ ರೇಡಿಯೋದಲ್ಲಿ ಕರೆ ಬಂದು ಎಲ್ಲಿ ನಿಲ್ಲಿಸಿದ್ದೆವು ಅನ್ನುವ ಅನುಮಾನ ಬಂದರೆ ಮೊದಲಿಂದ ಓದುವುದೇ ಸರಿ, ಹತ್ತು ನಿಮಿಷ ತಡವಾದರೂ ಆಗಲಿ.