ಚಪ್ಪಲಿ ಕಳಚಿದ್ದೇ ಗೊತ್ತಾಗಲಿಲ್ಲ

ಪ್ರಶ್ನೆ: ನಮಸ್ಕಾರ ಸರ್. ನಮ್ಮ ಅಪ್ಪಾಜಿಗೆ 61 ವರ್ಷ. ಶುಗರ್ ಬಂದು ಹದಿನಾಲ್ಕು ವರ್ಷ ಆಯಿತು. ಹೋದ ವಾರ ಮಧ್ಯಾಹ್ನ ಎಪಿಎಂಸಿಯಿಂದ ಮನೆಗೆ ಬಂದಾಗ ಎಡಗಾಲಲ್ಲಿ ಚಪ್ಪಲಿನೇ ಇರಲಿಲ್ಲ. ಎಲ್ಲಿ ಬಿಟ್ಟು ಬಂದ್ರಿ ಅಂತ ಕೇಳಿದರೆ, "ಕಾಲಾಗೇ ಐತಲ್ಲ" ಅಂದರು. ಕೆಳಗೆ ನೋಡಿಕೊಂಡ ಮೇಲೆ ಅವರಿಗೂ ಗಾಬರಿ ಆಯಿತು. ಅಂಗಾಲಲ್ಲಿ ಬೊಬ್ಬೆ ಎದ್ದಿತ್ತು, ಈಗ ಒಣಗಿದೆ. ಕಾಲಿನ ಬೆರಳುಗಳು ಹಕ್ಕಿ ಕಾಲಿನ ಹಾಗೆ ಮಡಚಿಕೊಂಡಿವೆ, ಹೆಬ್ಬೆರಳಿನ ಬುಡದಲ್ಲಿ ದಪ್ಪ ಆಣಿ ಇದೆ. ಮನೆಯಲ್ಲಿ ಶಹಾಬಾದ್ ಕಲ್ಲಿನ ಮೇಲೆ ನಡೆದರೆ ಟಪ್ ಟಪ್ ಅಂತ ಸಪ್ಪಳ ಬರುತ್ತದೆ. ನೋವಿಲ್ಲ ಬಿಡು ಅಂತಾರೆ. ಇದು ವಯಸ್ಸಿನದಾ, ಶುಗರಿನದಾ? ಶಕ್ತಿಗೆ ಏನಾದರೂ ಟಾನಿಕ್ ಇದೆಯಾ?
– ಸೇಡಂನಿಂದ ಒಬ್ಬ ಓದುಗರು

ಉತ್ತರ: ತಂಗಿ, ನಿಮ್ಮ ಅಪ್ಪಾಜಿ ನೋವಿಲ್ಲ ಅಂತ ಸಮಾಧಾನ ಪಡುತ್ತಿದ್ದಾರಲ್ಲ, ನನಗೆ ಚಿಂತೆ ಆಗಿದ್ದೇ ಆ ಮಾತಿಗೆ. ಮಧ್ಯಾಹ್ನದ ಡಾಂಬರಿನ ಮೇಲೆ ಬರಿಗಾಲಲ್ಲಿ ನಡೆದು ಬೊಬ್ಬೆ ಎದ್ದರೂ ಗೊತ್ತಾಗಲಿಲ್ಲ ಅಂದರೆ ಕಾಲಿನ ನರ ಸುದ್ದಿ ಮುಟ್ಟಿಸುವುದನ್ನೇ ಬಿಟ್ಟಿದೆ.

ಸೊಂಟದಿಂದ ಕಾಲ್ಬೆರಳಿಗೆ ಹೋಗುವ ನರದ ಎಳೆ ಹತ್ತಿರ ಹತ್ತಿರ ಒಂದು ಮೀಟರ್ ಉದ್ದ ಇರುತ್ತದೆ. ಮೈಯಲ್ಲಿ ಅಷ್ಟು ಉದ್ದದ ಎಳೆ ಬೇರೆ ಇಲ್ಲ. ರಕ್ತದಲ್ಲಿ ಸಕ್ಕರೆ ವರ್ಷಗಟ್ಟಲೆ ಜಾಸ್ತಿ ಇದ್ದರೆ ನರಗಳಿಗೂ, ಅವಕ್ಕೆ ರಕ್ತ ಕೊಡುವ ಸಣ್ಣ ರಕ್ತನಾಳಗಳಿಗೂ ಪೆಟ್ಟು ಬೀಳುತ್ತದೆ. ಮೊದಲು ಸೋಲುವುದು ಉದ್ದದ ಎಳೆಗಳ ತುದಿ. ಅದಕ್ಕೇ ಜೋಮು ಬೆರಳಿನಿಂದ ಶುರುವಾಗಿ, ಕಾಲುಚೀಲ ಎಳೆದುಕೊಂಡ ಹಾಗೆ ಮೇಲೆ ಏರುತ್ತದೆ. ಎರಡೂ ಕಾಲಿಗೆ, ಸರಿಸುಮಾರು ಒಂದೇ ಮಟ್ಟಕ್ಕೆ.

ಇಷ್ಟು ತುಂಬಾ ಜನಕ್ಕೆ ಗೊತ್ತು. ಗೊತ್ತಿಲ್ಲದ್ದು ಏನೆಂದರೆ, ಸ್ಪರ್ಶ ಹೋಗುವ ಹೊತ್ತಿಗೇ ಪಾದದೊಳಗಿನ ಸಣ್ಣ ಸಣ್ಣ ಸ್ನಾಯುಗಳೂ ಸದ್ದಿಲ್ಲದೆ ಒಣಗುತ್ತಿರುತ್ತವೆ. ಬೆರಳನ್ನು ನೇರವಾಗಿ, ನೆಲಕ್ಕೆ ಒತ್ತಿ ಹಿಡಿಯುವ ಕೆಲಸ ಅವುಗಳದು. ಅವು ಸೋತರೆ ಮೀನಖಂಡದ ಕಡೆಯಿಂದ ಬರುವ ಉದ್ದನೆಯ ಸ್ನಾಯುಗಳ ಎಳೆತವೇ ಜೋರಾಗಿ ಬೆರಳು ಕೊಕ್ಕೆಯಂತೆ ಮಡಚಿಕೊಳ್ಳುತ್ತದೆ. ಬೆರಳಿನ ಬುಡದ ಕೆಳಗೆ ನಮಗೆಲ್ಲ ಒಂದು ಕೊಬ್ಬಿನ ಗಾದಿ ಇರುತ್ತದಲ್ಲ, ಅದು ಮುಂದಕ್ಕೆ ಜರುಗುತ್ತದೆ. ಆಮೇಲೆ ಮೈಭಾರ ನೇರವಾಗಿ ಎಲುಬಿನ ಮೇಲೆ. ಹೆಬ್ಬೆರಳಿನ ಬುಡದಲ್ಲಿ ಆಣಿ ಬಂದಿದ್ದು ಹೀಗೆ. ಆ ಆಣಿ ಚಪ್ಪಲಿಯೊಳಗೆ ಹೊಕ್ಕ ಕಲ್ಲಿನ ಹರಳಿನಂತೆ ಒಳಗಿನ ಮಾಂಸವನ್ನು ಒತ್ತುತ್ತದೆ. ಎಷ್ಟೋ ಸಲ ಆಣಿ ಕೆತ್ತಿ ನೋಡಿದಾಗ ಅಡಿಯಲ್ಲಿ ಹುಣ್ಣು ಆಗಲೇ ಆಗಿರುತ್ತದೆ.

ಚಪ್ಪಲಿ ಬಿದ್ದಿದ್ದಕ್ಕೂ ಎರಡು ಕಾರಣ ಸೇರಿವೆ. ಹವಾಯಿ ಚಪ್ಪಲಿಯನ್ನು ನಾವು ಬೆರಳಿನಿಂದ ಹಿಡಿದುಕೊಂಡೇ ನಡೆಯುತ್ತೇವೆ, ಗಮನಿಸಿ ನೋಡಿ. ಅಪ್ಪಾಜಿಗೆ ಆ ಹಿಡಿತ ಹೋಗಿದೆ, ಬಿದ್ದಿದ್ದನ್ನು ತಿಳಿಸುವ ಸ್ಪರ್ಶವೂ ಹೋಗಿದೆ. ಟಪ್ ಟಪ್ ಸಪ್ಪಳ ಅಂದರೆ ಪಾದವನ್ನು ಮೇಲಕ್ಕೆತ್ತುವ, ಮೊಣಕಾಲ ಕೆಳಗೆ ಮುಂಭಾಗದಲ್ಲಿರುವ ಸ್ನಾಯುಗಳೂ ಸಡಿಲ ಆಗಿವೆ ಅಂತ. ಆರೋಗ್ಯದ ಪಾದ ಹಿಮ್ಮಡಿ ಊರಿದ ಮೇಲೆ ಮೆಲ್ಲಗೆ ಇಳಿಯುತ್ತದೆ, ಇದು ಹಲಗೆಯಂತೆ ಬಡಿಯುತ್ತದೆ.

ಇವತ್ತೇ ಮನೆಯಲ್ಲಿ ಒಂದೆರಡು ಪರೀಕ್ಷೆ ಮಾಡಿ. ಅಪ್ಪಾಜಿಯನ್ನು ಕಣ್ಣು ಮುಚ್ಚಿ ಮಲಗಲು ಹೇಳಿ. ನಿಮ್ಮ ತೋರುಬೆರಳಿನ ತುದಿಯಿಂದ ಎರಡೂ ಕಾಲಿನ ಹೆಬ್ಬೆರಳು, ನಡುಬೆರಳು, ಕಿರುಬೆರಳಿನ ತುದಿಯನ್ನು ಒಂದೆರಡು ಸೆಕೆಂಡ್ ಮೆಲ್ಲಗೆ ಮುಟ್ಟಿ. ಒತ್ತಬೇಡಿ, ತಿಕ್ಕಬೇಡಿ, ಸುಮ್ನೆ ಮುಟ್ಟಿ. ಆರರಲ್ಲಿ ಎರಡು ಅಥವಾ ಜಾಸ್ತಿ ಕಡೆ ಗೊತ್ತಾಗಲಿಲ್ಲ ಅಂದರೆ ಸ್ಪರ್ಶ ಹೋಗಿದೆ ಅಂತ ತಿಳಿಯಿರಿ. ಇದಕ್ಕೆ ಇಪ್ಸ್‌ವಿಚ್ ಟಚ್ ಟೆಸ್ಟ್ ಅಂತಾರೆ, ಇಂಗ್ಲೆಂಡಿನ ಊರಿನ ಹೆಸರು. ಆಸ್ಪತ್ರೆಯಲ್ಲಾದರೆ 10 ಗ್ರಾಂ ಒತ್ತಡಕ್ಕೆ ಬಾಗುವ ನೈಲಾನ್ ಎಳೆಯಿಂದ ಮುಟ್ಟಿ ನೋಡುತ್ತಾರೆ, 128 ಹರ್ಟ್ಸ್‌ನ ಟ್ಯೂನಿಂಗ್ ಫೋರ್ಕ್ ಬಾರಿಸಿ ಬೆರಳ ಮೇಲಿಟ್ಟು ಕಂಪನ ಗೊತ್ತಾಗುತ್ತದಾ ಅಂತ ಕೇಳುತ್ತಾರೆ.

ಬಲ ನೋಡುವುದಕ್ಕೆ ಮನೆಯಲ್ಲಿ ಬಿದ್ದಿರುವ ಯಾವುದಾದರೂ ಮದುವೆ ಕಾರ್ಡ್ ಸಾಕು. ಕುರ್ಚಿಯಲ್ಲಿ ಕೂರಿಸಿ, ಹೆಬ್ಬೆರಳ ಕೆಳಗೆ ಕಾರ್ಡ್ ಇಟ್ಟು, ಒತ್ತಿ ಹಿಡಿಯಲು ಹೇಳಿ ಎಳೆಯಿರಿ. ನಿಮ್ಮದರ ಕೆಳಗೂ ಇಟ್ಟುಕೊಂಡು ನೋಡಿ, ವ್ಯತ್ಯಾಸ ಗೊತ್ತಾಗುತ್ತದೆ. ಪಾದದ ಮೇಲ್ಭಾಗವನ್ನೂ ನೋಡಿ: ಎಲುಬು ಎಲುಬಿನ ನಡುವೆ ಮಳೆ ಕೊರೆದ ಹೊಲದಂತೆ ತಗ್ಗು ಬಿದ್ದಿದ್ದರೆ ಅಲ್ಲಿನ ಸ್ನಾಯು ಒಣಗಿದೆ.

ಈಗ ಟಾನಿಕ್ ವಿಷಯ. ಇಲ್ಲ. ನರದ ಶಕ್ತಿಗೆ ಅಂತ ಬಣ್ಣಬಣ್ಣದ ಬಾಟಲಿ ಮಾರುವವರು ನಮ್ಮ ಕಲಬುರಗಿ ಕಡೆ ಕಡಿಮೆ ಇಲ್ಲ. ಆ ದುಡ್ಡಿಗೆ ಒಂದು ಜೊತೆ ಒಳ್ಳೆ ಚಪ್ಪಲಿ ಬರುತ್ತದೆ. ಸಕ್ಕರೆ ಹತೋಟಿಗೆ ಬಂದರೆ ಹಾನಿ ನಿಧಾನ ಆಗುತ್ತದೆ, ಪೂರ್ತಿ ಒಣಗಿದ ಸ್ನಾಯು ಮರಳಿ ತುಂಬುವುದು ಕಷ್ಟ. ಸುಳ್ಳು ಭರವಸೆ ಕೊಡಲಾರೆ. ಆದರೆ ಉಳಿದ ಸ್ನಾಯುವನ್ನು ದುಡಿಸಬಹುದು. ಕುರ್ಚಿಯಲ್ಲಿ ಕೂತು ನೆಲದ ಟವೆಲನ್ನು ಬೆರಳಿನಿಂದ ಮುದ್ದೆ ಮಾಡಿ ಎಳೆದುಕೊಳ್ಳುವುದು, ಬೆರಳು ಅಗಲಿಸುವುದು, ಹಿಮ್ಮಡಿ ನೆಲಕ್ಕಿಟ್ಟು ಪಾದ ಮೇಲೆತ್ತಿ ಐದು ಎಣಿಸುವುದು, ಗಟ್ಟಿ ಕಟ್ಟೆ ಹಿಡಿದು ನಿಂತು ತುದಿಗಾಲಿಗೆ ಏರಿ ಇಳಿಯುವುದು. ದಿನಾ ಹತ್ತು ಹತ್ತು ಸಲ, ಮೂರು ತಿಂಗಳಾದರೂ ಬಿಡದೆ. ಒಂದು ವಾರಕ್ಕೇ ಏನೂ ಆಗಲಿಲ್ಲ ಅಂತ ಬಿಡುವವರೇ ಜಾಸ್ತಿ. ಮಾಡುವಾಗ ಕಾಲನ್ನು ನೋಡುತ್ತಾ ಮಾಡಲಿ, ಯಾಕೆಂದರೆ ಬೆರಳು ಅಲ್ಲಾಡಿತೋ ಇಲ್ಲವೋ ಎಂಬುದು ಅವರಿಗೆ ನೋಡಿದರೆ ಮಾತ್ರ ಗೊತ್ತಾಗುವುದು. ಪಾದದಲ್ಲಿ ಗಾಯ ಇದ್ದರೆ ನಿಂತು ಮಾಡುವುದು ಬೇಡ. ಒಣಗಿದ ಬೊಬ್ಬೆಯ ಜಾಗವನ್ನು ಡಾಕ್ಟರಿಗೆ ತೋರಿಸಿ ಒಪ್ಪಿಗೆ ಪಡೆದೇ ಶುರು ಮಾಡಿ, ಮೊದಲ ಸಲ ಫಿಸಿಯೋಥೆರಪಿಸ್ಟ್ ಮುಂದೆ ಮಾಡಿಸಿದರೆ ಒಳ್ಳೆಯದು. ಪಾದ ತೀರಾ ಜೋತು ಬೀಳುತ್ತಿದ್ದರೆ ಪಾದ ಎತ್ತಿ ಹಿಡಿಯುವ ಪಟ್ಟಿಯನ್ನು ಅಳತೆ ಕೊಟ್ಟು ಮಾಡಿಸುತ್ತಾರೆ, ಎಡವಿ ಬೀಳುವುದು ಕಡಿಮೆಯಾಗುತ್ತದೆ.

ಚಪ್ಪಲಿಗೆ ಹಿಂದೆ ಬೆಲ್ಟ್ ಇರಲಿ, ಬೆರಳ ಕಡೆ ಅಗಲ ಇರಲಿ, ಒಳಗೆ ಎಂಸಿಆರ್ ಎಂಬ ಮೆತ್ತನೆಯ ರಬ್ಬರ್ ಅಟ್ಟೆ ಇರಲಿ. 1946ರಲ್ಲಿ ವೆಲ್ಲೂರಿನ ಕ್ರಿಶ್ಚಿಯನ್ ಮೆಡಿಕಲ್ ಕಾಲೇಜಿಗೆ ಬಂದ ಡಾ. ಪಾಲ್ ಬ್ರ್ಯಾಂಡ್, ಕುಷ್ಠರೋಗಿಗಳ ಕಾಲಿನ ಹುಣ್ಣಿಗೆ ನೋವು ಗೊತ್ತಾಗದಿರುವುದೇ ಮೂಲ ಅಂತ ತೋರಿಸಿಕೊಟ್ಟವರು. ಅಲ್ಲಿ ಕಲಿತದ್ದೇ ಮುಂದೆ ಶುಗರ್ ಕಾಲಿಗೂ ಬಂತು. ಹೊಸ ಚಪ್ಪಲಿಯನ್ನು ಸಾಯಂಕಾಲ ಕೊಳ್ಳಿ, ಆ ಹೊತ್ತಿಗೆ ಕಾಲು ಸ್ವಲ್ಪ ಊದಿರುತ್ತದೆ. ಹಾಕಿಕೊಳ್ಳುವ ಮೊದಲು ಒಳಗೆ ಕೈ ಆಡಿಸಿ ನೋಡಬೇಕು, ಕಲ್ಲೋ ಮುಳ್ಳೋ ಇರಬಹುದು. ಗುಡಿಗೋ ದರ್ಗಾಕ್ಕೋ ಹೋಗುವುದಿದ್ದರೆ ಕಲ್ಲು ಕಾಯುವ ಮೊದಲೇ ಹೋಗಿ ಬರಲಿ, ದಪ್ಪ ಕಾಲುಚೀಲ ಹಾಕಿಕೊಳ್ಳಲಿ. ದೇವರೇನೂ ಬೇಜಾರು ಮಾಡಿಕೊಳ್ಳುವುದಿಲ್ಲ.

ಆಣಿಗೆ ಬ್ಲೇಡ್ ಹಚ್ಚಬೇಡಿ, ಅಂಗಡಿಯ ಆಣಿ ಪಟ್ಟಿಯೂ ಬೇಡ, ಅದರ ಆಸಿಡ್ ಚರ್ಮ ಸುಡುತ್ತದೆ. ಬಿಸಿನೀರಲ್ಲಿ ಕಾಲು ಇಡಿಸಬೇಡಿ. ರಾತ್ರಿ ಮಲಗುವ ಮೊದಲು ಅಂಗಾಲನ್ನು ನೀವೇ ಬೆಳಕಿಗೆ ಹಿಡಿದು ನೋಡಿ. ಒಂದು ಪಾದ ಕೆಂಪಾಗಿ, ಬಿಸಿಯಾಗಿ ಊದಿ, ನೋವು ಮಾತ್ರ ಅಷ್ಟಾಗಿ ಇಲ್ಲ ಅಂತಾದರೆ ತಿಕ್ಕುವುದು, ನಡೆಸುವುದು ಎರಡೂ ಬೇಡ, ಅವತ್ತೇ ಆಸ್ಪತ್ರೆಗೆ ಕರೆದೊಯ್ಯಿರಿ. ಒಳಗೆ ಎಲುಬು ಕುಸಿಯುತ್ತಿರಬಹುದು.

ಪ್ರಶ್ನೆ: ನನಗೆ 45. ಶುಗರ್ ಆರು ವರ್ಷದಿಂದ ಇದೆ. ನಾಲ್ಕು ದಿನ ಹೊಲದಲ್ಲಿ ಕುಕ್ಕರಗಾಲಲ್ಲಿ ಕೂತು ಕಳೆ ತೆಗೆದೆ. ಐದನೇ ದಿನ ಎದ್ದರೆ ಬಲಪಾದ ಮೇಲೆ ಬರುತ್ತಿಲ್ಲ. ಶುಗರಿನಿಂದ ಅಂತ ಎಲ್ಲರೂ ಅಂತಾರೆ.
– ಶಹಾಪುರ, ಯಾದಗಿರಿ ಜಿಲ್ಲೆ

ಉತ್ತರ: ಅಕ್ಕಾ, ಎಲ್ಲವನ್ನೂ ಶುಗರ್ ತಲೆಗೆ ಕಟ್ಟಬೇಡಿ. ಶುಗರಿನ ನರದೋಷ ಹೆಚ್ಚಾಗಿ ಎರಡೂ ಕಾಲಿಗೆ, ಮೆಲ್ಲಮೆಲ್ಲಗೆ ಬರುತ್ತದೆ. ಒಂದೇ ಕಾಲು, ರಾತ್ರಿ ಬೆಳಗಾಗುವುದರೊಳಗೆ ಅಂದರೆ ಬೇರೆ ಕಾರಣ ಹುಡುಕಬೇಕು. ಮೊಣಕಾಲಿನ ಹೊರಬದಿಯಲ್ಲಿ, ಸ್ವಲ್ಪ ಕೆಳಗೆ, ಕೈಗೆ ಸಿಗುವ ಒಂದು ಎಲುಬಿನ ಗುಬುಟು ಇದೆ. ಪಾದ ಎತ್ತುವ ನರ ಅಲ್ಲೇ ಚರ್ಮಕ್ಕೆ ಹತ್ತಿರ ಸುತ್ತಿ ಹೋಗುತ್ತದೆ. ತಾಸುಗಟ್ಟಲೆ ಕುಕ್ಕರಗಾಲಲ್ಲಿ ಕೂತರೆ ಅದು ಅಲ್ಲಿ ಒತ್ತಿಹೋಗುತ್ತದೆ, ಶುಗರ್ ಇದ್ದವರಲ್ಲಿ ಇನ್ನೂ ಬೇಗ. ತುಂಬಾ ಜನಕ್ಕೆ ವಾರ, ತಿಂಗಳುಗಳಲ್ಲಿ ವಾಪಸ್ ಬರುತ್ತದೆ. ಸೊಂಟದ ಡಿಸ್ಕ್ ಜಾರಿದರೂ ಹೀಗೇ ಆಗುತ್ತದೆ, ಹಾಗಾಗಿ ತೋರಿಸಲೇಬೇಕು. ಸೊಂಟ ನೋವಿನ ಜೊತೆ ಮೂತ್ರ ಕಟ್ಟಿದರೆ, ಇಲ್ಲವೇ ಮಾತು ತೊದಲಿದರೆ, ಕೈಯಲ್ಲೂ ಬಲ ಹೋದರೆ ಆ ಕ್ಷಣವೇ ಹೊರಡಿ. ಸದ್ಯಕ್ಕೆ ಕಳೆ ತೆಗೆಯುವುದು ಬೇಡ, ಕಾಲ ಮೇಲೆ ಕಾಲು ಹಾಕಿ ಕೂರುವುದೂ ಬೇಡ.

ಪ್ರಶ್ನೆ: ಒಂಬತ್ತು ವರ್ಷದಿಂದ ಶುಗರಿಗೆ ಮೆಟ್‌ಫಾರ್ಮಿನ್ ನುಂಗುತ್ತಿದ್ದೇನೆ. ಶುದ್ಧ ಸಸ್ಯಾಹಾರಿ. ಕಾಲಲ್ಲಿ ಉರಿ, ನಡಿಗೆ ಓಲಾಡುತ್ತದೆ. ಪ್ರೀಗ್ಯಾಬಲಿನ್ ಕೊಟ್ಟಿದ್ದಾರೆ, ಉರಿ ಕಡಿಮೆ ಆಗಿದೆ, ನಡಿಗೆ ಹಾಗೇ ಇದೆ. ಪರಿಚಯದವರು ಬಿ12 ವಿಟಮಿನ್ ಇಂಜೆಕ್ಷನ್ ಹಾಕಿಸಿಕೋ ಅಂತಾರೆ.
– ಬೀದರ್

ಉತ್ತರ: ಪ್ರೀಗ್ಯಾಬಲಿನ್ ಉರಿಗೆ ಮಾತ್ರ ಸರ್, ನರವನ್ನು ಸರಿ ಮಾಡುವ ಮಾತ್ರೆ ಅದಲ್ಲ. ಅದರಿಂದ ಕೆಲವರಿಗೆ ತಲೆ ತಿರುಗಿ ಓಲಾಟ ಜಾಸ್ತಿಯೂ ಆಗುತ್ತದೆ, ಕೊಟ್ಟವರಿಗೆ ಹೇಳಿ. ನಿಮ್ಮ ಪರಿಚಯದವರು ಹೇಳಿದ್ದರಲ್ಲಿ ಹುರುಳಿದೆ. ಮೆಟ್‌ಫಾರ್ಮಿನ್ ಬಹಳ ವರ್ಷ ತೆಗೆದುಕೊಂಡರೆ ಬಿ12 ಇಳಿಯಬಹುದು. ಸಸ್ಯಾಹಾರಿಗಳಿಗೆ ಅದು ಮೊದಲೇ ಕಡಿಮೆ, ಹಾಲು ಮೊಸರಿನಿಂದ ಬಂದಷ್ಟೇ. ಹಾಗಂತ ಮೆಟ್‌ಫಾರ್ಮಿನ್ ನೀವಾಗಿಯೇ ಬಿಡಬೇಡಿ. ಬಿ12 ಪರೀಕ್ಷೆ ಮಾಡಿಸಿ, ಜೊತೆಗೆ ಥೈರಾಯ್ಡ್, ಕಿಡ್ನಿಯದೂ ನೋಡಿಸಿ. ರಕ್ತ ಮಾತ್ರ ಇಂಜೆಕ್ಷನ್‌ಗಿಂತ ಮೊದಲೇ ಕೊಡಿ. ಹಾಕಿಸಿಕೊಂಡು ಹೋದರೆ ರಿಪೋರ್ಟಿನಲ್ಲಿ ಎಲ್ಲಾ ಸರಿ ಇದ್ದ ಹಾಗೆ ಬರುತ್ತದೆ.