ಎರಡು ಸಲ ಮುಂದೆ ಹೋದ ಕವಾಟದ ಆಪರೇಷನ್: ದಾವಣಗೆರೆಯ ಒಂದು ಆಪ್ತಸಲಹೆ ಪ್ರಕರಣ

ಗುರುತು ಸಿಗದಂತೆ ಹೆಸರು, ವಯಸ್ಸು, ಮನೆಯ ಕೆಲವು ವಿವರಗಳನ್ನು ಬದಲಿಸಲಾಗಿದೆ.

ರೇಣುಕಮ್ಮ, 41 ವರ್ಷ, ದಾವಣಗೆರೆ ಹಳೇ ಊರಿನ ಕಡೆಯವರು. ಮನೆಯಲ್ಲೇ ಬ್ಲೌಸ್ ಹೊಲಿಯುತ್ತಾರೆ, ಸೀರೆಗೆ ಫಾಲ್ ಹಾಕುತ್ತಾರೆ. ಯಜಮಾನರದು ಸಂಜೆ ಮಂಡಕ್ಕಿ-ಮಿರ್ಚಿ ಗಾಡಿ. ಮನೆಯಲ್ಲಿ ಅತ್ತೆ ಮತ್ತು ಒಂಬತ್ತನೇ ಕ್ಲಾಸು ಓದುವ ಮಗಳು. ಚಿಕ್ಕಂದಿನಲ್ಲಿ ಬಂದ ರುಮ್ಯಾಟಿಕ್ ಜ್ವರ ಇವರ ಹೃದಯದ ಮೈಟ್ರಲ್ ಕವಾಟವನ್ನು (ವಾಲ್ವ್) ಕೆಡಿಸಿದೆ. ಕವಾಟ ಕಿರಿದಾಗಿದೆ, ಸೋರಿಕೆಯೂ ಹೆಚ್ಚಿದೆ. ಹಾಗಾಗಿ ಬಲೂನ್ ಹಾಕಿ ಬಿಡಿಸಲಾಗದು, ಕವಾಟವನ್ನೇ ಬದಲಿಸಬೇಕು ಎಂದು ಬೆಂಗಳೂರಿನ ಆಸ್ಪತ್ರೆಯೊಂದರಲ್ಲಿ ಹೇಳಿದ್ದಾರೆ. ಪಟ್ಟಿಗೆ ಹೆಸರು ಹತ್ತಿ ಏಳು ತಿಂಗಳು. ಎರಡು ಸಲ ಡೇಟ್ ಸಿಕ್ಕಿತು, ಎರಡು ಸಲವೂ ಮುಂದೆ ಹೋಯಿತು. ಮೊದಲ ಸಲ ತುರ್ತು ರೋಗಿಯೊಬ್ಬರು ಬಂದಿದ್ದರು. ಎರಡನೇ ಸಲ ಇವರದೇ ಹುಳುಕು ಹಲ್ಲು ಅಡ್ಡ ಬಂತು.

ಯಜಮಾನರು ಆಪ್ತಸಲಹೆಗೆಂದು ನಮ್ಮ ಬಳಿ ಕರೆತಂದದ್ದು ನಿದ್ದೆ ಇಲ್ಲ ಅಂತ. "ಮೇಡಂ, ಫೋನ್ ಬಂದ್ರ ಎದಿ ಧಸಕ್ ಅಂತೈತ್ರಿ. ಬರ್ಲಿಲ್ಲ ಅಂದ್ರನೂ ಧಸಕ್ ಅಂತೈತ್ರಿ," ಅಂದರು ರೇಣುಕಮ್ಮ. ಖಿನ್ನತೆ ಅಳೆಯುವ ಪಿಎಚ್‌ಕ್ಯೂ-9 ಪ್ರಶ್ನಾವಳಿಯಲ್ಲಿ 13, ಆತಂಕ ಅಳೆಯುವ ಜಿಎಡಿ-7ರಲ್ಲಿ 15 ಅಂಕ ಬಂತು. ಮೊದಲನೆಯದು ಮಧ್ಯಮ, ಎರಡನೆಯದು ತೀವ್ರ.

ಇಂಥವರಿಗೆ ಮೊದಲ ದಿನವೇ "ಇದು ಬರೀ ಟೆನ್ಷನ್" ಅಂದುಬಿಡುವುದು ಅಪಾಯ. ರಾತ್ರಿಯ ಉಸಿರಾಟದ ಕಷ್ಟ ಹೃದಯದ್ದೋ ಆತಂಕದ್ದೋ ಅನ್ನುವುದನ್ನು ಮೊದಲು ಬಿಡಿಸಿಕೊಳ್ಳಬೇಕು. ಚಪ್ಪಟೆ ಮಲಗಿದರೆ ಕಟ್ಟಿ, ಎದ್ದು ಕೂತರೆ ಸಡಿಲವಾಗುವ ಉಸಿರು, ಮಲಗಿದ ಒಂದೆರಡು ಗಂಟೆಗೆ ಗಾಬರಿಯಿಂದ ಎಬ್ಬಿಸಿ ಕಿಟಕಿ ಹತ್ತಿರ ಕೂರಿಸುವ ಉಸಿರು, ಶ್ವಾಸಕೋಶದಲ್ಲಿ ನೀರು ನಿಲ್ಲುತ್ತಿರುವ ಲಕ್ಷಣ. ಆತಂಕದ ದಾಳಿ ಕೂತಾಗಲೂ ಬರುತ್ತದೆ, ಹತ್ತು ನಿಮಿಷದೊಳಗೆ ಏರಿ ಆಮೇಲೆ ಇಳಿಯುತ್ತದೆ. ಬೆರಳ ತುದಿ, ತುಟಿ ಜುಮುಜುಮು ಅನ್ನುತ್ತವೆ. ರೇಣುಕಮ್ಮನಿಗೆ ಎರಡೂ ಇದ್ದವು. ಕೇಳುತ್ತಾ ಹೋದಾಗ ಇನ್ನೊಂದು ವಿಷಯ ಹೊರಬಿತ್ತು: ನೀರು ಇಳಿಸುವ ಲ್ಯಾಸಿಕ್ಸ್ ಮಾತ್ರೆಯನ್ನು ವಾರದಲ್ಲಿ ಮೂರ್ನಾಲ್ಕು ದಿನ ಬಿಡುತ್ತಿದ್ದರು. ಹೊಲಿಯಲು ಕೂತಾಗ ಮೇಲಿಂದ ಮೇಲೆ ಏಳಬೇಕಾಗುತ್ತದೆ, ಬೆಂಗಳೂರಿನ ಬಸ್ಸಿನಲ್ಲಂತೂ ಬಾತ್‌ರೂಮಿಗೆ ಎಲ್ಲಿ ಹೋಗುವುದು? ಡಾಕ್ಟರ ಮುಂದೆ ಇದನ್ನು ಹೇಳಲು ಸಂಕೋಚ.

ಹಾಗಾಗಿ ಆಪ್ತಸಲಹೆ ಶುರು ಮಾಡುವ ಮುಂಚೆ ಅದೇ ವಾರ ಇಲ್ಲಿನ ಹೃದ್ರೋಗ ತಜ್ಞರಲ್ಲಿಗೆ ಕಳಿಸಿದೆವು. ಅವರು ಮಾತ್ರೆಯ ಹೊತ್ತನ್ನು ಬೆಳಗಿನ ಜಾವಕ್ಕೆ ತಂದರು, ಪ್ರಯಾಣದ ದಿನ ಬಿಡುವ ಬದಲು ಎಷ್ಟು ಹೊತ್ತಿಗೆ ತಗೊಳ್ಳಬೇಕೆಂದು ಬರೆದುಕೊಟ್ಟರು. ಮೈಯಲ್ಲಿದ್ದ ನೀರು ಇಳಿಯಿತು, ರಾತ್ರಿಯ ಅರ್ಧ ಹೆದರಿಕೆಯೂ ಅದರ ಜೊತೆ ಹೋಯಿತು. ಉಳಿದರ್ಧಕ್ಕೆ ನಮ್ಮ ಕೆಲಸ.

ಈ ಪ್ರಕರಣದ ಮುಖ್ಯ ಗಂಟು ಇರುವುದು ಹಲ್ಲಿನಲ್ಲಿ. ಹುಳುಕು ಹಲ್ಲು ತೆಗೆಸಿಕೊಂಡು ಬನ್ನಿ ಎಂದು ಆಸ್ಪತ್ರೆಯವರು ಮೊದಲೇ ಚೀಟಿ ಕೊಟ್ಟಿದ್ದರು. ಇವರು ಹೋಗಿರಲಿಲ್ಲ. ಆಪರೇಷನ್‌ಗಾಗಿ ಹಗಲು ರಾತ್ರಿ ಕಾಯುವವರು ಇಷ್ಟು ಸಣ್ಣ ಕೆಲಸವನ್ನು ಯಾಕೆ ಬಿಟ್ಟರು? ಯಜಮಾನರು ಇದನ್ನು ಅಸಡ್ಡೆ ಅಂದುಕೊಂಡು ರೇಗಿದ್ದರು. ನಮಗೆ ಕಂಡದ್ದು ಬೇರೆ. ಕಾಯುವವರಲ್ಲಿ ಎರಡು ಭಯ ಒಟ್ಟಿಗೆ ಇರುತ್ತವೆ. ಡೇಟ್ ಬರುವ ಮುಂಚೆ ಏನಾದರೂ ಆದರೆ ಅನ್ನುವುದು ಒಂದು, ಇದನ್ನು ಎಲ್ಲರ ಮುಂದೆ ಹೇಳಿಕೊಳ್ಳುತ್ತಾರೆ. ಡೇಟ್ ಬಂದೇಬಿಟ್ಟರೆ ಅನ್ನುವುದು ಇನ್ನೊಂದು. ಅದು ಬಾಯಿಗೆ ಬರುವುದಿಲ್ಲ. ಮಾತ್ರೆ ಬಿಡುವುದರಲ್ಲಿ, ಹಲ್ಲಿನ ಡಾಕ್ಟರನ್ನು ಮುಂದೂಡುವುದರಲ್ಲಿ, ಫೈಲು ಎಲ್ಲೋ ಇಟ್ಟು ಮರೆಯುವುದರಲ್ಲಿ ಕಾಣುತ್ತದೆ. "ಡೇಟ್ ಮುಂದ ಹೋತು ಅಂದಾಗ ನಿಮಗ ಒಂದು ಗಳಿಗಿ ಸಮಾಧಾನನೂ ಆತೇನ್ರಿ?" ಎಂದು ಕೇಳಿದಾಗ ಅವರು ತಲೆ ತಗ್ಗಿಸಿ ಬಹಳ ಹೊತ್ತು ಕೂತರು. ಆಮೇಲೆ, "ಎದಿ ಸೀಳ್ತಾರಂತಲ್ರಿ, ಹೃದಯ ನಿಲ್ಲಿಸ್ತಾರಂತ. ಮತ್ತ ಶುರು ಆಗ್ಲಿಲ್ಲ ಅಂದ್ರ?"

ಈ ಪ್ರಶ್ನೆಗೆ "ಧೈರ್ಯ ತಗೊಳ್ರಿ" ಉತ್ತರವಲ್ಲ. ಆ ದಿನ ಏನೇನು ನಡೆಯುತ್ತದೆ ಎಂದು ಒಂದೊಂದಾಗಿ ತಿಳಿಸಬೇಕು. ಹೃದಯ ನಿಂತಿರುವಷ್ಟು ಹೊತ್ತು ಹಾರ್ಟ್-ಲಂಗ್ ಮಷಿನ್ ರಕ್ತಕ್ಕೆ ಆಮ್ಲಜನಕ ಕೊಟ್ಟು ಮೈಗೆ ಹರಿಸುತ್ತದೆ. ಎಚ್ಚರವಾದಾಗ ಬಾಯಲ್ಲಿ ವೆಂಟಿಲೇಟರ್ ಕೊಳವೆ ಇರುತ್ತದೆ, ಮಾತು ಹೊರಡುವುದಿಲ್ಲ. ಹೆಚ್ಚಿನವರಿಗೆ ಮೊದಲ ದಿನದೊಳಗೆ ಅದನ್ನು ತೆಗೆಯುತ್ತಾರೆ. ಇದನ್ನು ಮೊದಲೇ ಹೇಳದಿದ್ದರೆ ರೋಗಿ ಐಸಿಯುನಲ್ಲಿ ಕಣ್ಣು ಬಿಟ್ಟು, ಧ್ವನಿಯೇ ಹೋಯಿತೆಂದು ಕಂಗಾಲಾಗುತ್ತಾರೆ. ನೋವಿಗೆ ಒಂದು ಬೆರಳು, ನೀರಡಿಕೆಗೆ ಎರಡು, ಉಸಿರು ಸಾಲದಿದ್ದರೆ ಅಂಗೈ ಎತ್ತುವುದು ಎಂದು ಸನ್ನೆಗಳನ್ನು ಅಭ್ಯಾಸ ಮಾಡಿಸಿದೆವು, ದಾಖಲಾದ ದಿನವೇ ನರ್ಸ್‌ಗೆ ತೋರಿಸಲು ಹೇಳಿದೆವು. ಎದೆಮೂಳೆಯನ್ನು ಸ್ಟೀಲ್ ತಂತಿಯಿಂದ ಬಿಗಿದಿರುತ್ತಾರೆ, ಕೂಡಿಕೊಳ್ಳಲು ಆರರಿಂದ ಎಂಟು ವಾರ, ಪೂರ್ತಿ ಗಟ್ಟಿಯಾಗಲು ಮೂರು ತಿಂಗಳು ಬೇಕು. ಅಲ್ಲಿಯವರೆಗೆ ತುಂಬಿದ ಕೊಡ ಎತ್ತುವಂತಿಲ್ಲ. ಹೊಲಿಗೆ ಯಾವಾಗ ಶುರು ಮಾಡಬಹುದು, ಯಾವ ಕವಾಟ ಹಾಕುತ್ತಾರೆ ಅನ್ನುವುದನ್ನು ಸರ್ಜನ್ನರಿಗೆ ಕೇಳಲು ಒಂದು ನೋಟ್‌ಬುಕ್ಕಿನಲ್ಲಿ ಬರೆಸಿದೆವು. ಲೋಹದ ಕವಾಟ ಹೆಚ್ಚು ಕಾಲ ಬಾಳುತ್ತದೆ, ಆದರೆ ರಕ್ತ ತೆಳುವಾಗಿಸುವ ಮಾತ್ರೆ ಜೀವನಪೂರ್ತಿ ಬೇಕು. ಜೈವಿಕ ಕವಾಟಕ್ಕೆ ಆ ಮಾತ್ರೆಯ ಹಂಗು ಕಡಿಮೆ, ಆದರೆ ವರ್ಷಗಳು ಕಳೆದಂತೆ ಸವೆಯುತ್ತದೆ. ಈ ಮಾತು ಆಪರೇಷನ್ ಹಿಂದಿನ ರಾತ್ರಿ ಆಡುವಂಥದ್ದಲ್ಲ.

ಹಲ್ಲಿಗೂ ಹೃದಯಕ್ಕೂ ಏನು ಸಂಬಂಧ ಎಂದು ಅತ್ತೆಯವರು ಕೇಳಿದರು. ಕೊಳೆತ ಹಲ್ಲು, ವಸಡಿನಿಂದ ರೋಗಾಣು ರಕ್ತಕ್ಕೆ ಸೇರಿ ಹೊಸ ಕವಾಟದ ಮೇಲೆ ಕೂತರೆ ಜೀವಕ್ಕೇ ಅಪಾಯ, ಮತ್ತೆ ಆಪರೇಷನ್ ಆಗಬೇಕಾದೀತು. ಆದರೆ ಇವರು ರಕ್ತ ತೆಳುವಾಗಿಸುವ ಅಸಿಟ್ರೋಮ್ ತಗೊಳ್ಳುತ್ತಿರುವುದರಿಂದ ನೇರ ಹೋಗಿ ಹಲ್ಲು ಕೀಳಿಸುವಂತಿಲ್ಲ. ಮೊದಲು ರಕ್ತ ಎಷ್ಟು ಬೇಗ ಹೆಪ್ಪುಗಟ್ಟುತ್ತದೆ ಎಂದು ನೋಡುವ ಐಎನ್‌ಆರ್ ಪರೀಕ್ಷೆ, ಆಮೇಲೆ ಹೃದ್ರೋಗ ತಜ್ಞರ ಚೀಟಿ, ಹಲ್ಲಿನ ಡಾಕ್ಟರಿಗೆ ಕವಾಟದ ವಿಷಯ ಹೇಳಿ ಮುಂಚೆಯೇ ಆಂಟಿಬಯಾಟಿಕ್ ಬೇಕೇ ಎಂದು ಕೇಳುವುದು. ತಾವಾಗಿ ಅಸಿಟ್ರೋಮ್ ನಿಲ್ಲಿಸಿದರೆ ಹೃದಯದಲ್ಲಿ ರಕ್ತ ಹೆಪ್ಪುಗಟ್ಟಿ ಮಿದುಳಿಗೆ ಹೋಗಿ ಪಾರ್ಶ್ವವಾಯು ಹೊಡೆಯಬಹುದು.

ಆಪರೇಷನ್ ಮುಂದೂಡಲು ರೋಗಿಯ ಕಡೆಯಿಂದ ಬರುವ ಕಾರಣಗಳು ಕೆಲವೇ: ಹಲ್ಲು, ಜ್ವರ-ಕೆಮ್ಮು, ಹಿಡಿತ ತಪ್ಪಿದ ಸಕ್ಕರೆ, ಮೂತ್ರದ ಸೋಂಕು, ರಕ್ತಹೀನತೆ. ರೇಣುಕಮ್ಮನ ಹಿಮೋಗ್ಲೋಬಿನ್ 9 ಇತ್ತು. ಅಸಿಟ್ರೋಮ್ ಶುರುವಾದ ಮೇಲೆ ಮುಟ್ಟಿನ ರಕ್ತಸ್ರಾವ ಹೆಚ್ಚಾಗಿದೆ ಎಂಬುದನ್ನು ಯಾವ ಡಾಕ್ಟರಿಗೂ ಹೇಳಿರಲಿಲ್ಲ. ಸ್ತ್ರೀರೋಗ ತಜ್ಞೆಗೆ ತೋರಿಸಿ ಎಂದು ಒತ್ತಿ ಹೇಳಿದೆವು. ಈ ನಾಲ್ಕೈದು ಸಂಗತಿ ಕೈಯಲ್ಲಿರುವ ಕೆಲಸ. ಉಳಿದದ್ದು ಆಸ್ಪತ್ರೆಯದು.

ಪಟ್ಟಿಯ ಬಗ್ಗೆ ಮನೆಯಲ್ಲಿ ತಪ್ಪು ಕಲ್ಪನೆ ಇತ್ತು. ಅದು ರೇಷನ್ ಅಂಗಡಿಯ ಸಾಲಿನಂತೆ ಮುಂದೆ ಸರಿಯುವುದಿಲ್ಲ. ಹೆಚ್ಚು ಅಪಾಯದಲ್ಲಿರುವವರು ನಡುವೆ ಬರುತ್ತಾರೆ. ಅಂದರೆ ನಮ್ಮ ಸ್ಥಿತಿ ಕೆಟ್ಟರೆ ನಾವೂ ಮೇಲೆ ಬರಬಹುದು, ಆದರೆ ಅವರಿಗೆ ತಿಳಿಸಿದರೆ ಮಾತ್ರ. ಯಜಮಾನರು, ಮೈದುನ, ಅಣ್ಣ ಮೂವರೂ ಬೇರೆ ಬೇರೆ ನಂಬರಿಗೆ ಫೋನ್ ಮಾಡಿ ಮೂರು ಥರದ ಉತ್ತರ ತರುತ್ತಿದ್ದರು. ಹದಿನೈದು ದಿನಕ್ಕೊಮ್ಮೆ ಮೈದುನ ಒಬ್ಬರೇ ಮಾಡಲಿ, ರೋಗಿಯ ಆಸ್ಪತ್ರೆ ನೋಂದಣಿ ನಂಬರ್ ಹೇಳಿ, ಮಾತಾಡಿದವರ ಹೆಸರು, ತಾರೀಖು ಬರೆದಿಡಲಿ ಎಂದು ನಿಗದಿ ಮಾಡಿದೆವು. ನಡುವೆ ಉಸಿರಾಟ ಹದಗೆಟ್ಟರೆ, ತಲೆ ಸುತ್ತಿ ಬಿದ್ದರೆ ಮಾತ್ರ ಕೂಡಲೇ ಫೋನ್.

ಅಣ್ಣನವರು ಸಾಲ ಮಾಡಿಯಾದರೂ ಖಾಸಗಿಯಲ್ಲಿ ಮಾಡಿಸೋಣ ಅಂದಿದ್ದರು. ಹೆದರಿಕೆಯಲ್ಲಿ ಇಂಥ ನಿರ್ಧಾರ ಬೇಡ. ಹೃದ್ರೋಗ ತಜ್ಞರಿಗೆ ಒಂದೇ ಪ್ರಶ್ನೆ ಕೇಳಿ: "ಇವರು ವಾರಗಳಲ್ಲಿ ಆಗಬೇಕಾದವರೋ, ತಿಂಗಳು ಕಾಯಬಹುದಾದವರೋ?" ಇವರ ವಿಷಯದಲ್ಲಿ ಕಾಯಬಹುದು ಎಂಬ ಉತ್ತರ ಬಂತು. ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕ ಯೋಜನೆಯಲ್ಲಿ ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ ಚಿಕಿತ್ಸೆ ಸಿಗುತ್ತದೆ. ರೇಷನ್ ಕಾರ್ಡಿನಲ್ಲಿ ಒಂದು ಹೆಸರು, ಆಧಾರ್‌ನಲ್ಲಿ ಇನ್ನೊಂದು ಇದ್ದರೆ ದಾಖಲಾಗುವ ದಿನ ಕೌಂಟರಿನಲ್ಲಿ ಪರದಾಟ. ಅದನ್ನು ಈಗಲೇ ಸರಿಪಡಿಸಿ, ಡೇಟ್ ಮುಂದೆ ಹೋದರೆ ಯೋಜನೆಯ ಅನುಮತಿಯನ್ನು ಮತ್ತೆ ಪಡೆಯಬೇಕೇ ಎಂದು ಆಸ್ಪತ್ರೆಯಲ್ಲಿ ಯೋಜನೆಯ ಕೆಲಸ ನೋಡುವ ಆರೋಗ್ಯಮಿತ್ರರನ್ನು ಕೇಳಿ ಎಂದು ಹೇಳಿದೆವು.

ದಿನಚರಿಯಲ್ಲಿ ತೂಕವೇ ಮೊದಲು. ಬೆಳಿಗ್ಗೆ ಬಾತ್‌ರೂಮಿಗೆ ಹೋಗಿ ಬಂದು, ತಿಂಡಿಗೆ ಮುಂಚೆ, ಅದೇ ತೂಕದ ಯಂತ್ರದ ಮೇಲೆ. ಮೂರು ದಿನದಲ್ಲಿ 2 ಕೆ.ಜಿ. ಏರಿದರೆ ಅದು ಕೊಬ್ಬಲ್ಲ, ನೀರು, ಡಾಕ್ಟರಿಗೆ ತಿಳಿಸಬೇಕು. ಉಪ್ಪು ದಿನಕ್ಕೆ ಎಲ್ಲ ಸೇರಿ 5 ಗ್ರಾಂ ಮೀರಬಾರದು, ಮಟ್ಟವಾದ ಒಂದು ಟೀ ಚಮಚ. ಈ ಮನೆಯಲ್ಲಿ ಸಾರಿಗೆ ಉಪ್ಪು ಕಡಿಮೆ ಮಾಡಿದ್ದರು, ಆದರೆ ಸಂಜೆ ಗಾಡಿಯಿಂದ ಉಳಿದ ಖಾರ ಮಂಡಕ್ಕಿ ತಿನ್ನುತ್ತಿದ್ದರು. ಮಂಡಕ್ಕಿಗೆ ಭಟ್ಟಿಯಲ್ಲೇ ಉಪ್ಪು ಸೇರಿರುತ್ತದೆ, ಮಿರ್ಚಿ ಹಿಟ್ಟಿನ ಸೋಡಾದಲ್ಲೂ ಸೋಡಿಯಂ ಇದೆ. ಉಪ್ಪಿನಕಾಯಿ, ಹಪ್ಪಳ, ಚಟ್ನಿಪುಡಿ ಲೆಕ್ಕಕ್ಕೇ ಬಂದಿರಲಿಲ್ಲ. ಲೋ ಸೋಡಿಯಂ ಉಪ್ಪನ್ನು ಕೇಳದೆ ತರಬೇಡಿ, ಅದರಲ್ಲಿ ಪೊಟ್ಯಾಸಿಯಂ ಇರುತ್ತದೆ, ಕೆಲವು ಹೃದಯದ ಮಾತ್ರೆಗಳ ಜೊತೆ ಅದು ಅತಿಯಾಗುತ್ತದೆ. ಸೊಪ್ಪು ಪೂರ್ತಿ ಬಿಡುವುದೂ ಬೇಡ, ಒಂದೇ ವಾರ ರಾಶಿ ತಿನ್ನುವುದೂ ಬೇಡ. ಪ್ರಮಾಣ ಏರುಪೇರಾದರೆ ಐಎನ್‌ಆರ್ ಏರುಪೇರಾಗುತ್ತದೆ. ರುಮ್ಯಾಟಿಕ್ ಜ್ವರ ಮರಳದಂತೆ ಹಾಕುವ, ಮೂರು ವಾರಕ್ಕೊಮ್ಮೆಯ ಪೆನಿಸಿಲಿನ್ ಸೂಜಿ ತಪ್ಪಬಾರದು. ಜ್ವರ ಎರಡು ಮೂರು ದಿನ ಬಿಡದಿದ್ದರೆ ಮೆಡಿಕಲ್ ಶಾಪಿನ ಆಂಟಿಬಯಾಟಿಕ್ ನುಂಗಬೇಡಿ. ನುಂಗಿದರೆ ರಕ್ತದ ಪರೀಕ್ಷೆಯಾದ ಬ್ಲಡ್ ಕಲ್ಚರ್‌ನಲ್ಲಿ ರೋಗಾಣು ಸಿಗದೆ ಕವಾಟದ ಸೋಂಕು ಅಡಗಿಬಿಡುತ್ತದೆ.

ದುರ್ಗಾಂಬಿಕೆಗೆ ಹರಕೆ ಹೊತ್ತು ಮಂಗಳವಾರ, ಶುಕ್ರವಾರ ನೀರೂ ಕುಡಿಯದೆ ಇರುತ್ತಿದ್ದರು. ಹರಕೆ ಇರಲಿ, ಅದರಿಂದ ಅವರಿಗೆ ನಿಜವಾದ ಬಲ ಸಿಗುತ್ತಿದೆ. ನಿರಾಹಾರವನ್ನು ಮಾತ್ರ ಒಪ್ಪತ್ತು ಊಟಕ್ಕೆ ಬದಲಿಸಿ, ಮಾತ್ರೆ ತಪ್ಪಿಸಬೇಡಿ ಅಂದೆವು. ಅತ್ತೆ ಒಪ್ಪಿದ್ದರಿಂದ ಅದು ಸುಲಭವಾಯಿತು.

ಮನಸ್ಸಿಗೆ ಕೊಟ್ಟದ್ದು ಎರಡು ಅಭ್ಯಾಸ. ಸಂಜೆ ಐದಕ್ಕೆ, ಗಾಡಿ ಹೊರಟ ಮೇಲೆ, ಇಪ್ಪತ್ತು ನಿಮಿಷ ಚಿಂತೆಯ ಹೊತ್ತು. ಬಂದ ಚಿಂತೆಯನ್ನೆಲ್ಲ ನೋಟ್‌ಬುಕ್ಕಿನಲ್ಲಿ ಬರೆಯುವುದು, ಮಾಡಬಹುದಾದ್ದು ಇದ್ದರೆ ಎದುರಿಗೆ ಯಾವಾಗ, ಯಾರು ಎಂದು ಬರೆಯುವುದು. ಬೇರೆ ಹೊತ್ತಿನಲ್ಲಿ ಬಂದರೆ ಒಂದು ಪದ ಗೀಚಿ ಐದಕ್ಕೆ ಬಿಡುವುದು. ಯೋಚಿಸಬೇಡ ಅಂದರೆ ಮನಸ್ಸು ಕೇಳುವುದಿಲ್ಲ, ಆಮೇಲೆ ಅಂದರೆ ಕೇಳುತ್ತದೆ. ಇದನ್ನು ಹಾಸಿಗೆಯಲ್ಲಿ ಮಾಡಿದರೆ ಕೆಡುತ್ತದೆ. ಮೊದಲ ವಾರ ರೇಣುಕಮ್ಮ ಹಾಗೇ ಮಾಡಿ ನಿದ್ದೆ ಇನ್ನೂ ಕಳಕೊಂಡಿದ್ದರು. ಎರಡನೆಯದು ಉಸಿರಾಟ: ದಿಂಬಿಗೆ ಒರಗಿ, ನಾಲ್ಕು ಎಣಿಸುತ್ತಾ ಒಳಗೆ, ಆರು ಎಣಿಸುತ್ತಾ ಹೊರಗೆ, ಐದು ನಿಮಿಷ, ಆರಾಮವಿದ್ದಾಗಲೇ ರೂಢಿ ಮಾಡಿಕೊಳ್ಳಬೇಕು. ಟಿವಿ ನೋಡಿ ಕಪಾಲಭಾತಿ, ಉಸಿರು ಹಿಡಿಯುವ ಕುಂಭಕ ಮಾಡುತ್ತಿದ್ದರು, ಅದನ್ನು ನಿಲ್ಲಿಸಿದೆವು.

ಮನೆಯವರು ಒಂದು ಲೋಟವನ್ನೂ ಎತ್ತಲು ಬಿಡುತ್ತಿರಲಿಲ್ಲ. ಪೂರ್ತಿ ಮಲಗಿಸಿದರೆ ಕಾಲಿನ ಬಲ ಹೋಗುತ್ತದೆ, ತಾನು ಭಾರ ಅನ್ನುವ ಭಾವನೆ ಬಲಿಯುತ್ತದೆ. ಡಾಕ್ಟರ ಒಪ್ಪಿಗೆ ಪಡೆದು, ಪೂರ್ತಿ ವಾಕ್ಯ ಮಾತಾಡಲು ಆಗುವಷ್ಟು ನಿಧಾನ ನಡಿಗೆ, ಪೆಡಲ್ ಬದಲು ಮೋಟರ್ ಹಾಕಿದ ಮಷಿನ್ನಿನಲ್ಲಿ ಅರ್ಧ ಗಂಟೆ ಹೊಲಿಗೆ, ಆಮೇಲೆ ವಿಶ್ರಾಂತಿ. "ನಾನಿಲ್ಲದಿದ್ರ ಇವರಿಗೆ ಖರ್ಚಾರ ಉಳೀತಿತ್ತು" ಎಂದು ಒಮ್ಮೆ ಅಂದರು. ಇಂಥ ಮಾತನ್ನು ದಾಟಿಸಿಬಿಡಬಾರದು. ಸಾಯುವ ಯೋಚನೆ ಬರುತ್ತಾ, ಹೇಗೆ ಎಂದು ಯೋಚಿಸಿದ್ದೀರಾ ಎಂದು ನೇರವಾಗಿ ಕೇಳಿದೆವು. ಯೋಜನೆ ಇರಲಿಲ್ಲ. ಅವರ ಒಪ್ಪಿಗೆ ಪಡೆದು ಯಜಮಾನರಿಗೆ ತಿಳಿಸಿ, ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನ 14416 ನಂಬರನ್ನು ಇಬ್ಬರ ಫೋನಿಗೂ ಹಾಕಿಸಿ, ಚಿಗಟೇರಿ ಜಿಲ್ಲಾ ಆಸ್ಪತ್ರೆಯ ಮನೋವೈದ್ಯರಿಗೆ ತೋರಿಸಿದೆವು. ಖಿನ್ನತೆಯ ಕೆಲವು ಮಾತ್ರೆಗಳು ಅಸಿಟ್ರೋಮ್ ಜೊತೆ ರಕ್ತಸ್ರಾವದ ಅಪಾಯ ಹೆಚ್ಚಿಸುವುದರಿಂದ ಎಲ್ಲ ಮಾತ್ರೆಗಳ ಚೀಟಿ ಜೊತೆಗಿರಬೇಕು.

ಮಗಳದೇ ಬೇರೆ ಕಥೆ. ರಾತ್ರಿ ಎದ್ದು ಅಮ್ಮನ ಮೂಗಿನ ಹತ್ತಿರ ಬೆರಳು ಹಿಡಿದು ಉಸಿರು ಬರುತ್ತಿದೆಯೇ ಎಂದು ನೋಡುತ್ತಿದ್ದಳು. ಅವಳಿಗೆ ಯಾರೂ ಏನೂ ಹೇಳಿರಲಿಲ್ಲ, ಬಾಗಿಲ ಸಂದಿಯಲ್ಲಿ ಕೇಳಿಸಿಕೊಂಡಿದ್ದಷ್ಟೇ. ಕವಾಟದ ಚಿತ್ರ ಬರೆದು ತೋರಿಸಿ, ಯಾವುದು ಅಪಾಯ, ಯಾವುದು ಅಲ್ಲ ಎಂದು ಹೇಳಿದೆವು. ಬೆಳಿಗ್ಗೆ ಅಮ್ಮನ ತೂಕವನ್ನು ಕ್ಯಾಲೆಂಡರಿನಲ್ಲಿ ಬರೆಯುವುದು ಅವಳ ಕೆಲಸ. ರಾತ್ರಿ ಒಂಬತ್ತರ ಮೇಲೆ ನೋಡಿಕೊಳ್ಳುವುದು ಅಪ್ಪನ ಕೆಲಸ. ಆಪರೇಷನ್ ಆಗಿ ಸತ್ತವರ ಕಥೆ ಮನೆಯೊಳಗೆ ಬೇಡ ಎಂದು ಅತ್ತೆಗೂ, ಬರುವ ನೆಂಟರಿಗೂ ಹೇಳುವ ಹೊಣೆ ಯಜಮಾನರದು.

ಕೂತಲ್ಲೇ ಉಸಿರು ಕಟ್ಟಿದರೆ, ಕೆಂಪು ನೊರೆ ಕಫ ಬಂದರೆ, ಎಚ್ಚರ ತಪ್ಪಿದರೆ, ಬಾಯಿ ಸೊಟ್ಟಗಾಗಿ ಕೈ ಸೋತರೆ 108. ಫೈಲು ಬೆಂಗಳೂರಿನಲ್ಲಿದೆ ಎಂದು 260 ಕಿಲೋಮೀಟರ್ ಕಾರಿನಲ್ಲಿ ಹೊರಡಬಾರದು, ಊರಿನ ಆಸ್ಪತ್ರೆಯೇ ಮೊದಲು.

ಎರಡು ತಿಂಗಳಲ್ಲಿ ಪಿಎಚ್‌ಕ್ಯೂ-9 ಏಳಕ್ಕೆ ಇಳಿದಿದೆ, ಹಲ್ಲು ತೆಗೆಸಿಯಾಗಿದೆ, ಹಿಮೋಗ್ಲೋಬಿನ್ ಏರುತ್ತಿದೆ. ಡೇಟ್ ಇನ್ನೂ ಬಂದಿಲ್ಲ. ಮೂರನೇ ಸಲವೂ ಮುಂದೆ ಹೋದರೆ ಆಸ್ಪತ್ರೆ ಬಿಡುವ ಮುಂಚೆ ಕೇಳಬೇಕಾದ್ದನ್ನು ಬರೆದುಕೊಟ್ಟಿದ್ದೇವೆ: ಕಾರಣ ಏನು, ನಮ್ಮ ಕಡೆಯಿಂದ ಏನಾಗಬೇಕು, ಮುಂದೆ ಯಾರಿಗೆ ಯಾವಾಗ ಫೋನ್ ಮಾಡಬೇಕು, ಆಪರೇಷನ್‌ಗೆಂದು ಡಾಕ್ಟರು ನಿಲ್ಲಿಸಿದ ಅಸಿಟ್ರೋಮ್ ಯಾವತ್ತಿನಿಂದ, ಎಷ್ಟು ತಗೊಳ್ಳಬೇಕು. ಕೊನೆಯದನ್ನು ಕೇಳದೆ ಬಸ್ ಹತ್ತಬಾರದು. ಆಪರೇಷನ್ ಆದ ಮೇಲಿನ ಮೊದಲ ವಾರಗಳಲ್ಲಿ ಕಾರಣವಿಲ್ಲದೆ ಅಳು ಬರುವುದು, ಊಟ ಸೇರದಿರುವುದು ಅನೇಕರಿಗೆ ಆಗುತ್ತದೆ. ಎರಡು ವಾರ ದಾಟಿಯೂ ಅದು ಹಾಗೇ ಉಳಿದರೆ ಫೋನ್ ಮಾಡಿ ಎಂದು ಯಜಮಾನರಿಗೆ ಈಗಲೇ ತಿಳಿಸಿಟ್ಟಿದ್ದೇವೆ.